ಹೆಡ್‌ಮಾಸ್ತರ ಕಂಪ್ಯೂಟರು

ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ಬಳ್ಳಾರಿಯ ಪಾರ್ವತಿನಗರದ ನಿವೃತ್ತ ಹೆಡ್‌ಮಾಸ್ತರ್ ಗವಿಸಿದ್ದಪ್ಪನವರು, ತಾವೇ ಕೈಯಾರೆ ಜೋಡಿಸಿದ ಕಂಪ್ಯೂಟರಿನ ಗುಂಡಿ ಒತ್ತಿದರು. ಫ್ಯಾನು ತಿರುಗಿತು, ಪರದೆಯ ಮೇಲೆ ಕಂಪನಿಯ ಗುರುತು ಮೂಡಿತು, ಆಮೇಲೆ ಎಲ್ಲವೂ ಒಮ್ಮೆಲೇ ನಂದಿಹೋಯಿತು. ಇನ್ನೊಮ್ಮೆ ಒತ್ತಿದರು. ಈ ಸಲ ಗುರುತು ಮೂಡುವ ಮೊದಲೇ ನಂದಿತು. ಮತ್ತೆ ಒತ್ತುವ ಬದಲು ಅವರು ಅಡುಗೆಮನೆಯ ಕಡೆ ತಿರುಗಿ ಕೂಗಿದರು:

"ಇದನ್ನ ಯಾರು ಮುಟ್ಟಿದ್ರಿ?"

ಅಡುಗೆಮನೆಯಲ್ಲಿ ಹೆಂಡತಿ ಶಿವಬಸಮ್ಮ ರೊಟ್ಟಿ ಬಡಿಯುತ್ತಿದ್ದಳು. ಸೊಸೆ ಅಂಜನಾ ಗಂಡನ ಡಬ್ಬಿಗೆ ಪಲ್ಯ ತುಂಬುತ್ತಿದ್ದಳು. ಆ ಗಂಡ, ಅಂದರೆ ಗವಿಸಿದ್ದಪ್ಪನವರ ಒಬ್ಬನೇ ಮಗ ಶರಣ, ಕುಡತಿನಿಯ ವಿದ್ಯುತ್ ಸ್ಥಾವರದಲ್ಲಿ ಎಂಜಿನಿಯರು. ಬೆಳಗಿನ ಪಾಳಿಗೆ ಹೊರಡಲು ಬೂಟಿನ ದಾರ ಕಟ್ಟುತ್ತಿದ್ದ. ಅಪ್ಪನ ದನಿ ಕೇಳಿದೊಡನೆ ಅವನು ಕಟ್ಟಿದ ದಾರವನ್ನೇ ಬಿಚ್ಚಿ ಮತ್ತೆ ಕಟ್ಟತೊಡಗಿದ.

"ನಾ ಮುಟ್ಟಿಲ್ರಿ," ಎಂದಳು ಶಿವಬಸಮ್ಮ.

"ನಿನಗ ಅಷ್ಟು ಧೈರ್ಯ ಎಲ್ಲಿಂದ ಬರಬೇಕು? ಆಕಿನ್ನ ಕೇಳು."

ಅಂಜನಾ ಸೌಟು ಕೆಳಗಿಟ್ಟು ಬಂದಳು. "ನಿನ್ನೆ ಸಂಜಿಕ ಕೆಲಸ ಮುಗಿಸಿ ಬಂದ್ ಮಾಡೀನ್ರಿ ಮಾವಾರ. ಮ್ಯಾಲೆ ಧೂಳಿತ್ತು, ಒರೆಸಿಟ್ಟೆ."

"ಒರೆಸಿದ್ಯಾ? ಯಾತರ್ಲೆ?"

"ಬಟ್ಟಿಲೆ."

"ಹಸಿ ಬಟ್ಟಿಲೆ."

"ಒಣಾ ಬಟ್ಟಿರಿ."

"ಹಸಿ ಬಟ್ಟಿ! ನೆಲಾ ಒರೆಸಿದ್ದ ಬಟ್ಟಿಲೇ ಅದನ್ನೂ ಒರೆಸಿರ್ತಿ. ನಿಮ್ಮ ಕುರುಗೋಡಿನ್ಯಾಗ ಟಿವಿನೂ ನೀರು ಹಾಕಿ ತಿಕ್ಕತಾರ, ನನಗ ಗೊತ್ತಿಲ್ಲನು?"

ಅಂಜನಾ ಒಳಗೆ ಹೋಗಿ ಸೌಟು ಎತ್ತಿಕೊಂಡಳು. ಮದುವೆಯಾಗಿ ಎರಡು ವರ್ಷದಲ್ಲಿ ಅವಳು ಕಲಿತ ಮೊದಲ ಪಾಠವೆಂದರೆ ಮಾವ ಪ್ರಶ್ನೆ ಕೇಳುವುದು ಉತ್ತರಕ್ಕಾಗಿ ಅಲ್ಲ ಎಂಬುದು. ಮೂವತ್ತು ವರ್ಷಕ್ಕೂ ಮೇಲೆ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿ ಸುಖಪಟ್ಟ ಮನುಷ್ಯ, ನಿವೃತ್ತಿಯಾದ ಮೇಲೆ ಮನೆಯವರನ್ನು ನಿಲ್ಲಿಸುತ್ತಿದ್ದರು. ಬೆಂಚು ಇರಲಿಲ್ಲ, ಅಷ್ಟೇ.

ಆ ಯಂತ್ರ ಮನೆಗೆ ಬಂದದ್ದೇ ಒಂದು ಹಟದಿಂದ. ಅಂಜನಾ ಮದುವೆಗೆ ಮೊದಲು ಪಾಲಿಟೆಕ್ನಿಕ್ಕಿನಲ್ಲಿ ಬಟ್ಟೆಯ ವಿನ್ಯಾಸ ಓದಿದವಳು. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಘಟಕಗಳಿಗೆ ಬರವಿಲ್ಲ. ಅಂಥದೊಂದರ ಒಡತಿ ರೇಣುಕಾ, ಪ್ಯಾಂಟಿನ ನಮೂನೆಗಳನ್ನು ಕಂಪ್ಯೂಟರಿನಲ್ಲಿ ಬರೆದು ಒಂದೊಂದು ಸೈಜಿಗೂ ಬೇರೆ ಬೇರೆ ಮಾಡಿಕೊಡುವ ಕೆಲಸವನ್ನು ಅವಳಿಗೆ ಕೊಡಲು ಒಪ್ಪಿದ್ದಳು. ಶರಣ ಹೆಂಡತಿಗೊಂದು ಲ್ಯಾಪ್‌ಟಾಪ್ ತರುತ್ತೇನೆಂದು ಊಟದ ಹೊತ್ತಿನಲ್ಲಿ ಮೆಲ್ಲಗೆ ಹೇಳಿದ. ಗವಿಸಿದ್ದಪ್ಪನವರು ತುತ್ತು ತಟ್ಟೆಗೆ ಹಾಕಿದರು.

"ರೆಡಿಮೇಡ್ ತರೋದು ತೆಲಿ ಇಲ್ದವರ ಕೆಲಸ. ಎಂಜಿನಿಯರ್ ಅಂತ ಲಗ್ನಪತ್ರಿಕಿ ತುಂಬ ಹಾಕಿಸಿದ್ದಿ. ಒಂದು ಕಂಪ್ಯೂಟರ್ ಜೋಡಿಸಾಕ ಬರ್ತೈತನು ನಿನಗ?"

"ನಂದು ಬಾಯ್ಲರ್ ಕಡೀ ಕೆಲಸ ಅಪ್ಪಾಜಿ..."

"ಹಂಗಂದ್ರ ಬರಂಗಿಲ್ಲ ಅನ್ನು. ನಾ ಜೋಡಿಸ್ತೀನಿ ನೋಡು."

ಜೋಡಿಸಿದರು ಕೂಡ. ಮೊಬೈಲಿನಲ್ಲಿ ವಿಡಿಯೋ ನೋಡುತ್ತ, ನಡುಮನೆಯಲ್ಲಿ ಹಳೆಯ ಕಂಬಳಿ ಹಾಸಿ, ಬೆಂಗಳೂರಿನಿಂದ ಕೊರಿಯರಿನಲ್ಲಿ ತರಿಸಿದ ಮದರ್‌ಬೋರ್ಡು, ಪ್ರೊಸೆಸರು, ಕ್ಯಾಬಿನೆಟ್ಟುಗಳನ್ನು ಸುತ್ತಲೂ ಹರಡಿಕೊಂಡು ಕೂತರು. ಬಳ್ಳಾರಿಯ ಅಂಗಡಿಗಳಲ್ಲಿ ಯಾವುದನ್ನೂ ಕೊಳ್ಳಲಿಲ್ಲ. ಆ ಅಂಗಡಿಗಳನ್ನು ಇಟ್ಟುಕೊಂಡಿದ್ದವರು ಬಹುಪಾಲು ಅವರದೇ ಹಳೆಯ ವಿದ್ಯಾರ್ಥಿಗಳು, "ಏಳರ ಮಗ್ಗಿ ಬರದ ಕತ್ತಿಗಳು." ಪ್ರೊಸೆಸರಿನ ಜೊತೆ ಬಂದಿದ್ದ ಸಣ್ಣ ಫ್ಯಾನು ಬಳ್ಳಾರಿ ಬಿಸಿಲಿಗೆ ಸಾಲದೆಂದು, ದಪ್ಪ ಲೋಹದ ತಳವಿರುವ ದೊಡ್ಡ ಫ್ಯಾನೊಂದನ್ನು ಬೇರೆಯಾಗಿ ತರಿಸಿ ಕೂರಿಸಿದರು. ಆ ದಿನ ಮನೆಯವರು ಕಂಬಳಿಯನ್ನು ದಾಟದೆ ಗೋಡೆಗಂಟಿ ಓಡಾಡಿದರು. ಕಂಪ್ಯೂಟರು ಹತ್ತಿಕೊಂಡಾಗ ಗವಿಸಿದ್ದಪ್ಪನವರು ಓಣಿಯವರನ್ನೆಲ್ಲ ಕರೆದು ತೋರಿಸಿದರು. ಸಿಲಿಂಡರ್ ಇಳಿಸಲು ಬಂದವನೂ ಖಾಲಿ ಸಿಲಿಂಡರನ್ನು ಹೆಗಲ ಮೇಲಿಟ್ಟುಕೊಂಡೇ ನೋಡಿ ಹೋಗಬೇಕಾಯಿತು.

ಸೊಸೆಗೆಂದು ಮಾಡಿದ ಯಂತ್ರ ಮಾವನ ಕೋಣೆಯಲ್ಲಿ ಕೂತಿತು. ಅವರು ಸುದ್ದಿ, ಭಾಷಣಗಳನ್ನು ನೋಡಿ ಮುಗಿಸಿ, ಮಧ್ಯಾಹ್ನ ಮಲಗುವ ಹೊತ್ತಿಗೆ ಹಜಾರಕ್ಕೆ ಬಂದ ಮೇಲೆ ಅಂಜನಾಳ ಸರದಿ. ಚಳಿ ಇನ್ನೂ ಪೂರ್ತಿ ಹೋಗಿರದ ಫೆಬ್ರುವರಿಯಲ್ಲಿ ಅದು ಚೆನ್ನಾಗಿಯೇ ನಡೆಯಿತು. ಮಾರ್ಚಿನಲ್ಲಿ ಆಗೊಮ್ಮೆ ಈಗೊಮ್ಮೆ ತಾನಾಗಿಯೇ ಆರಿಹೋಗುತ್ತಿತ್ತು. ಅಂಜನಾ ಅದನ್ನು ಹೇಳಿದಾಗಲೆಲ್ಲ, "ನಿನಗ ನಡಸಾಕ ಬರಂಗಿಲ್ಲ," ಎಂಬ ಉತ್ತರ ಸಿಗುತ್ತಿತ್ತು.

ಈಗ ಅವರಿಗೂ ನಡೆಸಲು ಬರಲಿಲ್ಲ.

ಆ ವಾರವೆಲ್ಲ ಗವಿಸಿದ್ದಪ್ಪನವರು ಯಂತ್ರದ ಹೊಟ್ಟೆ ಬಗೆದು ಕೂತರು. ರ‍್ಯಾಮ್ ಕಡ್ಡಿಯನ್ನು ಕಿತ್ತು, ಅದರ ಹಳದಿ ಹಲ್ಲುಗಳನ್ನು ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿದರು. ಮದರ್‌ಬೋರ್ಡಿನ ಗುಂಡು ಬ್ಯಾಟರಿ ಬದಲಿಸಿದರು. ಕರೆಂಟು ಕೊಡುವ ಪೆಟ್ಟಿಗೆಯೇ ಕೆಟ್ಟಿದೆ ಎಂದು ಹೊಸದನ್ನು ತರಿಸಿದರು. ಒಂದೊಂದು ಕೆಲಸ ಮಾಡಿ ಮುಗಿಸುವಷ್ಟರಲ್ಲಿ ಯಂತ್ರ ತಣ್ಣಗಾಗಿ ಸ್ವಲ್ಪ ಹೊತ್ತು ನಡೆಯುತ್ತಿತ್ತು. ಆಗ ಅವರು "ಹ್ಞಾ!" ಎಂದು ತೊಡೆ ತಟ್ಟುತ್ತಿದ್ದರು. ಆಮೇಲೆ ಅದು ಆರುತ್ತಿತ್ತು. ಆಗ ಮನೆಯಲ್ಲಿ ಯಾರಾದರೊಬ್ಬರು ಬೈಸಿಕೊಳ್ಳುತ್ತಿದ್ದರು. ಅವರು ಬಿಚ್ಚದೆ ಬಿಟ್ಟದ್ದು ಒಂದೇ, ಆ ದೊಡ್ಡ ಫ್ಯಾನು. ತಾವು ಕೂರಿಸಿದ್ದರಲ್ಲಿ ತಪ್ಪಿರುವುದು ಹೇಗೆ ಸಾಧ್ಯ?

"ಯಾರಿಗರ ತೋರಿಸೋಣು ಅಪ್ಪಾಜಿ," ಎಂದ ಶರಣ ಒಂದು ಸಂಜೆ.

"ಯಾರಿಗೆ? ಇಲ್ಲಿಯ ಕತ್ತಿಗಳಿಗೆ ತೋರಿಸಿ, ಮಾಸ್ತರ ಮಾಡಿದ್ದು ಕೆಟ್ಟೈತಿ ಅಂತ ಊರೆಲ್ಲ ನಗಸ್ಲ್ಯಾ?"

ಕೊನೆಗೆ ಸಿರುಗುಪ್ಪಕ್ಕೆ ಒಯ್ಯುವುದೆಂದಾಯಿತು. ಅಲ್ಲಿ ಎರ್ರಣ್ಣ ಎಂಬವನ ಕಂಪ್ಯೂಟರ್ ಅಂಗಡಿಯಿತ್ತು. ಅವನು ಗವಿಸಿದ್ದಪ್ಪನವರ ಕೈಕೆಳಗೆ ಓದಿದವನಲ್ಲ ಎಂಬುದೇ ಅವನ ಯೋಗ್ಯತೆ. ಶರಣನ ವಾರದ ರಜೆಯ ದಿನ ಅಪ್ಪ ಮಗ ಇಬ್ಬರೂ ಬೆಳಗಿನ ಬಸ್ಸು ಹಿಡಿದರು. ಕ್ಯಾಬಿನೆಟ್ಟನ್ನು ಶರಣ ತೊಡೆಯ ಮೇಲಿಟ್ಟುಕೊಂಡಿದ್ದ. ಸಿರಿಗೇರಿ ಕ್ರಾಸ್ ದಾಟಿ ಬಸ್ಸು ತಗ್ಗಿನಲ್ಲಿ ಕುಲುಕಿದಾಗ ಅಪ್ಪ ಅವನ ಮೊಣಕೈಗೆ ಹೊಡೆದರು.

"ಹಿಡಕೋಳಾಕರ ಬರ್ತೈತಿಲ್ಲಲೇ?"

ಎದುರಿನ ಸೀಟಿನ ಹೆಂಗಸು ಶರಣನ ಕಿವಿಯ ಬಳಿಯ ನರೆತ ಕೂದಲನ್ನೂ ಅವನ ಅಪ್ಪನನ್ನೂ ನೋಡಿ ಮುಖ ತಿರುಗಿಸಿದಳು.

ಎರ್ರಣ್ಣನ ಅಂಗಡಿ ಸಣ್ಣದು, ಆದರೆ ಎ.ಸಿ. ಹಾಕಿಸಿದ್ದ. ಅವನು ಫೋನಿನಲ್ಲಿ ಯಾರೊಂದಿಗೋ ತೆಲುಗಿನಲ್ಲಿ ಮಾತಾಡುತ್ತಲೇ ವೈರು ಚುಚ್ಚಿ ಗುಂಡಿ ಒತ್ತಿದ. ಕಂಪ್ಯೂಟರು ಹತ್ತಿಕೊಂಡಿತು. ಕಾದರು. ಆರಲಿಲ್ಲ. ಎರ್ರಣ್ಣ ಫೋನು ಇಳಿಸಿ ಕೇಳಿದ:

"ಚಲೋ ಓಡ್ತೈತಲ್ರೀ ಸಾರ್. ಏನಾಗೈತಿ ಇದಕ್ಕ?"

"ಮನ್ಯಾಗ ನಡಿಯಂಗಿಲ್ಲ."

"ಬೇಕಾರ ಆ ದೊಡ್ಡ ಫ್ಯಾನ್ ಬಿಚ್ಚಿ ಒಂದ್ಸಲ ನೋಡ್ತೀನಿ."

"ಅದನ್ನ ಮುಟ್ಟಬ್ಯಾಡ. ಅದು ನಾ ಕೂರಿಸಿದ್ದು."

ಎರ್ರಣ್ಣ ಅವರನ್ನು ಒಂದು ಕ್ಷಣ ನೋಡಿದ. ಇಂಥ ಗಿರಾಕಿಯನ್ನು ಕಳಿಸುವ ದಾರಿ ಅವನಿಗೆ ಗೊತ್ತಿತ್ತು. "ಹಂಗಂದ್ರ ನಿಮ್ಮ ಮನೀ ಕರೆಂಟ್ನ್ಯಾಗ ಏನರ ಇರ್ಬೇಕು ಬಿಡ್ರಿ," ಎಂದು ಮತ್ತೆ ಫೋನು ಕಿವಿಗಿಟ್ಟುಕೊಂಡ.

ಗವಿಸಿದ್ದಪ್ಪನವರಿಗೆ ಬೇಕಾದದ್ದು ಅಷ್ಟೇ. ಬಸ್ ಸ್ಟ್ಯಾಂಡಿನ ಬಳಿ ಮಂಡಕ್ಕಿ ಒಗ್ಗರಣಿ, ಮಿರ್ಚಿ ತಿನ್ನುತ್ತ ಅವರು ಗೆದ್ದವರಂತೆ ಮಗನಿಗೆ ವಿವರಿಸಿದರು. "ನಾ ಮಾಡಿದ್ದ್ರಾಗ ಏನೂ ತಪ್ಪಿಲ್ಲ, ಕೇಳಿದ್ಯಾ? ನಿನ್ನ ಹೆಂಡ್ತಿ ದಿನಾ ಮಿಕ್ಸಿ ತಿರುವತಾಳಲ್ಲ, ಅದು ಕರೆಂಟ್ ಎಳಕೊಂತೈತಿ. ಅದಕ್ಕ ಇದು ಸಾಯ್ತೈತಿ."

"ಮಿಕ್ಸಿ ಅಷ್ಟು ಎಳಿಯಂಗಿಲ್ಲ ಅಪ್ಪಾಜಿ..."

"ನೀ ಬಾಯ್ಲರ್ ಕಡ್ಯಾವ. ಮಿರ್ಚಿ ತಿನ್ನು."

ಮರುದಿನದಿಂದ ಮನೆಯಲ್ಲಿ ಹೊಸ ಕಾಯಿದೆ ಜಾರಿಗೆ ಬಂತು. ಕಂಪ್ಯೂಟರು ನಡೆಯುವಾಗ ಮಿಕ್ಸಿ ಹಾಕಬಾರದು. ಇಸ್ತ್ರಿ ಮಾಡಬಾರದು. ನೀರಿನ ಮೋಟಾರು ಹಚ್ಚಬಾರದು. ಕಂಪ್ಯೂಟರು ಯಾವಾಗ ನಡೆಯುತ್ತದೆಂಬುದು ಯಾರಿಗೂ ಗೊತ್ತಿಲ್ಲದ್ದರಿಂದ ಇವನ್ನೆಲ್ಲ ಯಾವಾಗಲೂ ಮಾಡಬಾರದೆಂದಾಯಿತು. ಶರಣ ಮುದುಡಿದ ಅಂಗಿಯಲ್ಲಿ ಕೆಲಸಕ್ಕೆ ಹೋದ. ಟ್ಯಾಂಕು ಖಾಲಿಯಾಗಿ ಅತ್ತೆ ಸೊಸೆ ಕೆಳಗಿನ ತೊಟ್ಟಿಯಿಂದ ಕೊಡ ಹೊತ್ತು ಮೆಟ್ಟಿಲು ಹತ್ತಿದರು. ಶೇಂಗಾ ಚಟ್ನಿಯನ್ನು ಅಂಜನಾ ಹಿತ್ತಲಿನ ಒಳಕಲ್ಲಿನಲ್ಲಿ ಕುಟ್ಟಿದಳು.

"ಇದು ತರಿತರಿ ಐತಿ," ಎಂದರು ಮಾವ ರೊಟ್ಟಿ ಮುರಿಯುತ್ತ.

"ಮಿಕ್ಸಿ ಇಲ್ಲಲ್ರೀ ಮಾವಾರ."

"ಮಿಕ್ಸಿ ಇಲ್ದಾಗ ನಮ್ಮವ್ವ ಚಟ್ನಿ ಮಾಡ್ತಿದ್ದಿಲ್ಲನು? ಕೈಯಾಗ ಕಸುವಿರಬೇಕು."

ಶಿವಬಸಮ್ಮ ಗಂಡನ ತಟ್ಟೆಗೆ ಮತ್ತಿಷ್ಟು ಚಟ್ನಿ ಹಾಕಿದಳು. "ನಿಮ್ಮವ್ವನ ಚಟ್ನಿ ತಿಂದೂ ನೀವು ಹಿಂಗ ಬೈತಿದ್ರಿ. ನಾ ಕಂಡೀನಿ."

ಅಷ್ಟು ಮಾಡಿದರೂ ಯಂತ್ರ ಆರುವುದು ತಪ್ಪಲಿಲ್ಲ. ಬಿಸಿಲು ಏರಿದಷ್ಟೂ ಬೇಗ ಬೇಗ ಆರತೊಡಗಿತು. ಗವಿಸಿದ್ದಪ್ಪನವರು ಇನ್ನೂ ಆಳವಾಗಿ ಯೋಚಿಸಿ ಹಜಾರದ ಏರ್ ಕೂಲರನ್ನೂ ನಿಲ್ಲಿಸಿದರು. ಈಗ ಮನೆಯ ನಾಲ್ವರೂ ಬೆವರಿನಲ್ಲಿ ತೊಯ್ದು ಕೂತರು, ಕೋಣೆ ಬೇಯಿಸುವಷ್ಟು ಕಾಯಿತು, ಕಂಪ್ಯೂಟರು ಕಣ್ಣನ್ನೇ ಬಿಡಲಿಲ್ಲ.

ಅಂಜನಾಳ ಕೆಲಸ ಕೈತಪ್ಪುವುದರಲ್ಲಿತ್ತು. ರೇಣುಕಾ ಎರಡು ಸಲ ಫೋನು ಮಾಡಿದಳು. ಮೊದಲ ಸಲ ಕನಿಕರದಿಂದ, ಎರಡನೆಯ ಸಲ ಕನಿಕರವಿಲ್ಲದೆ.

"ನೋಡು ಅಂಜನಾ, ಅರಿವಿ ಬಂದು ಬಿದ್ದೈತಿ, ಕಟಿಂಗ್‌ನವರು ಸುಮ್ನ ಕುಂತಾರ. ಘಟಕದಾಗ ಒಂದು ಕಂಪ್ಯೂಟರ್ ಐತಿ, ಬಂದು ಕುಂದ್ರು. ಇಲ್ಲಂದ್ರ ಹೇಳಿಬಿಡು, ಬ್ಯಾರೆಯವರಿಗೆ ಕೊಡ್ತೀನಿ."

ಆ ದಿನ ಊಟಕ್ಕೆ ಕೂತಾಗ ಅಂಜನಾ ಕೇಳಿದಳು. ಘಟಕ ದೂರವಿರಲಿಲ್ಲ, ಆಟೋದಲ್ಲಿ ಸ್ವಲ್ಪ ಹೊತ್ತಿನ ದಾರಿ.

"ಪ್ಯಾಂಟ್ ಹೊಲಿಯೋ ಷೆಡ್ಡಿನ್ಯಾಗ?" ಎಂದರು ಗವಿಸಿದ್ದಪ್ಪನವರು. "ನಾ ಹೆಡ್‌ಮಾಸ್ತರ್ ಆಗಿ ರಿಟೈರ್ ಆದಾವ. ನನ್ನ ಸೊಸಿ ಗಂಡಸರ ಪ್ಯಾಂಟಿನ ಅಳತಿ ತಗೊಳಾಕ ಷೆಡ್ಡಿಗೆ ಹೋಗ್ತಾಳ?"

"ಅಳತಿ ಕಂಪ್ಯೂಟರ್ನ್ಯಾಗ ಇರ್ತೈತ್ರಿ. ನಾ ಕುಂತು ಬರಿಯೋದು."

"ಬಾಯಿ ಬ್ಯಾರೆ."

ಅಂಜನಾ ಗಂಡನನ್ನು ನೋಡಿದಳು. ಶರಣ ಸಾರಿನೊಳಗಿನ ಕರಿಬೇವನ್ನು ಒಂದೊಂದಾಗಿ ತೆಗೆದು ತಟ್ಟೆಯ ಅಂಚಿಗಿಡುತ್ತಿದ್ದ. ಅಷ್ಟು ಶ್ರದ್ಧೆಯಿಂದ ಅವನು ಯಾವ ಕೆಲಸವನ್ನೂ ಮಾಡಿದ್ದನ್ನು ಅವಳು ನೋಡಿರಲಿಲ್ಲ.

ಮರುದಿನ ಪಕ್ಕದ ಮನೆಯ ವಿರೂಪಮ್ಮ ಹಾಲಿಗೆ ಹೆಪ್ಪು ಕೇಳಲು ಬಂದವಳು, ಸುಮ್ಮನಿರಲಾರದೆ, "ಮಾಸ್ತರ ಕಂಪ್ಯೂಟರ್ ಸರಿಯಾತೇನ್ರಿ?" ಎಂದು ಕೇಳಿದಳು. ಗವಿಸಿದ್ದಪ್ಪನವರು ಹಜಾರದಿಂದಲೇ ಉತ್ತರಿಸಿದರು, ಒಳಗೆ ಸೊಸೆಗೆ ಕೇಳಲಿ ಎಂದೇ.

"ಹೆಂಗ ಸರಿ ಆಗ್ತೈತಿ? ಕುರುಗೋಡಿನ್ಯಾಗ ಖಾರದ ಗಿರಣಿ ಬೆಲ್ಟ್ ಎಳಕೊಂತ ಬೆಳದ ಮಂದಿ ಕೈಯಾಗ ಕಂಪ್ಯೂಟರ್ ಕೊಟ್ರ ಹಿಂಗ ಆಗೋದು. ಅವರಪ್ಪನ ತೆಲಿಯಾಗೂ ಖಾರದ ಪುಡಿನ ಐತಿ."

ವಿರೂಪಮ್ಮ ಹೆಪ್ಪಿನ ಬಟ್ಟಲು ಹಿಡಿದು ನಿಂತಲ್ಲೇ ನಿಂತಳು. ಅಂಜನಾ ಹೊರಗೆ ಬಂದಳು. ಅವಳ ಅಪ್ಪ ದೊಡ್ಡಬಸವರಾಜ ಕುರುಗೋಡಿನಲ್ಲಿ ಮೆಣಸಿನಕಾಯಿ ಪುಡಿ ಮಾಡುವ ಗಿರಣಿ ಇಟ್ಟುಕೊಂಡಿದ್ದವನು ನಿಜ. ಆ ಗಿರಣಿಯ ದುಡಿಮೆಯಲ್ಲೇ ಮಗಳನ್ನು ಓದಿಸಿದ್ದ.

"ಮಾವಾರ, ನನಗ ಏನರ ಅನ್ರಿ. ನಮ್ಮಪ್ಪ ನಿಮ್ಮ ಕಂಪ್ಯೂಟರ್ ಮುಟ್ಟಿಲ್ಲ."

"ನೋಡಿದ್ರೇನ್ರಿ ವಿರೂಪಮ್ಮಾರ? ಎದುರು ಮಾತು. ಇದನ್ನೂ ಗಿರಣಿಯಾಗ ಕಲಿಸ್ಯಾರ."

ಅಂಜನಾ ಒಳಗೆ ಹೋಗಿ ಚೀಲಕ್ಕೆ ಬಟ್ಟೆ ತುಂಬಿದಳು. ಶರಣ ಪಾಳಿ ಮುಗಿಸಿ ಬರುವವರೆಗೆ ಕಾದು, ಅವನ ಜೊತೆಗೇ ಬಸ್ ಸ್ಟ್ಯಾಂಡಿಗೆ ಹೋದಳು. ಕುರುಗೋಡಿನ ಬಸ್ಸು ಇನ್ನೂ ಬಂದಿರಲಿಲ್ಲ.

"ಅಪ್ಪಾಜಿ ಸಿಟ್ಟು ಎಲ್ಡು ದಿನದ್ದು," ಎಂದ ಶರಣ.

"ಅವರ ಸಿಟ್ಟಿನ ಬಗ್ಗಿ ನಾ ಕೇಳಿಲ್ಲ. ನಿಮ್ಮ ಬಾಯಿ ಬಗ್ಗಿ ಕೇಳಾಕತ್ತೀನಿ. ಅದು ಊಟಕ್ಕ ಅಷ್ಟ ಐತನು?"

ಶರಣ ಅವಳ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿದ. ಬಸ್ಸು ಬಂತು. ಅವಳು ಚೀಲ ಕಸಿದುಕೊಂಡು ಹತ್ತಿದಳು.

ಆ ವಾರದಿಂದ ಅಂಜನಾ ದಿನವೂ ಕುರುಗೋಡಿನಿಂದ ಬಳ್ಳಾರಿಗೆ ಬಂದು, ರೇಣುಕಾಳ ಘಟಕದಲ್ಲಿ ಕೂತು ಕೆಲಸ ಮಾಡಿ, ಸಂಜೆ ತವರಿಗೆ ಮರಳತೊಡಗಿದಳು. ಗಂಡನ ಮನೆ ಇದ್ದ ಊರಿಗೇ ಬಂದು, ಗಂಡನ ಮನೆಗೆ ಬಾರದೆ ಹೋಗುತ್ತಿದ್ದಳು. ಓಣಿಯವರು ಅವಳನ್ನು ನೋಡಿದ್ದನ್ನು ಶಿವಬಸಮ್ಮನಿಗೆ ಹೇಳುತ್ತಿದ್ದರು. ಶಿವಬಸಮ್ಮ, "ಚಲೋ ಅದಾಳೇನು?" ಎಂದಷ್ಟೇ ಕೇಳುತ್ತಿದ್ದಳು.

ಮನೆಯ ಕೆಲಸವೆಲ್ಲ ಈಗ ಶಿವಬಸಮ್ಮನ ಮೇಲೆ ಬಿತ್ತು. ಮೊಣಕಾಲು ನೋವಿನಲ್ಲಿ ಅವಳು ಕೊಡ ಹೊರಲಾರದೆ, ಮೊದಲ ದಿನವೇ ನೀರಿನ ಮೋಟಾರು ಹಚ್ಚಿದಳು. ಎರಡನೆಯ ದಿನ ಕೂಲರು ಹಚ್ಚಿದಳು. ಗವಿಸಿದ್ದಪ್ಪನವರು ಕೂಗಿದಾಗ, "ಹಂಗಾರ ನೀರು ನೀವು ತುಂಬ್ರಿ," ಎಂದಳು.

ಯಂತ್ರ ಮಾತ್ರ ಹಾಗೆಯೇ ಇತ್ತು. ಒರೆಸುವವರಿಲ್ಲ, ರುಬ್ಬುವವರಿಲ್ಲ, ಆದರೂ ಹತ್ತಿದ್ದು ಮತ್ತೆ ಆರುತ್ತಿತ್ತು. ಶಿವಬಸಮ್ಮ ಕೋಣೆಯ ಬಾಗಿಲಲ್ಲಿ ನಿಂತು ಒಂದು ದಿನ ಕೇಳಿದಳು:

"ಈಗ ಯಾರು ಹಸಿ ಬಟ್ಟಿ ಹಾಕ್ಯಾರ್ರೀ?"

"ನಿನಗ ತಿಳಿಯಂಗಿಲ್ಲ, ಹೋಗು."

ಆದರೆ ಆ ಮಾತು ಅವರನ್ನು ಚುಚ್ಚಿರಬೇಕು. ಬೈಯಲು ಯಾರೂ ಉಳಿಯದಿದ್ದಾಗ ಮನುಷ್ಯನಿಗೆ ಯೋಚಿಸುವುದೊಂದೇ ಉಳಿಯುತ್ತದೆ. ಗವಿಸಿದ್ದಪ್ಪನವರಿಗೆ ಅದರ ರೂಢಿ ಕಡಿಮೆ. ಮಧ್ಯಾಹ್ನ, ಹೆಂಡತಿ ಮಲಗಿದ್ದಾಳೆಂದು ತಿಳಿದು, ಅವರು ಕ್ಯಾಬಿನೆಟ್ಟಿನ ಬಾಗಿಲು ತೆಗೆದರು. ದೊಡ್ಡ ಫ್ಯಾನಿನ ಸ್ಕ್ರೂಗಳನ್ನು ಒಂದೊಂದಾಗಿ ಬಿಚ್ಚಿ, ಅದನ್ನು ಎತ್ತಿ ತಿರುವಿ ನೋಡಿದರು.

ಲೋಹದ ತಳಕ್ಕೆ ಒಂದು ತೆಳುವಾದ ಪ್ಲಾಸ್ಟಿಕ್ ಹಾಳೆ ಅಂಟಿಕೊಂಡಿತ್ತು. ಕೂರಿಸುವ ಮೊದಲು ಕಿತ್ತು ಹಾಕಬೇಕಾದ ಹಾಳೆ. ಪ್ರೊಸೆಸರಿನ ಕಾವು ಲೋಹಕ್ಕೆ ಹತ್ತಬೇಕು, ಲೋಹದ ಕಾವನ್ನು ಫ್ಯಾನು ಹೊರಗೆ ಹಾಕಬೇಕು; ನಡುವೆ ಪ್ಲಾಸ್ಟಿಕ್ಕಿದ್ದರೆ ಕಾವು ಹೋಗಲು ದಾರಿಯೇ ಇಲ್ಲ. ಒಳಗೇ ಕಾದು ಕಾದು, ಸುಟ್ಟುಹೋಗದಿರಲೆಂದು ಯಂತ್ರ ತಾನಾಗಿ ಆರುತ್ತಿತ್ತು. ಫೆಬ್ರುವರಿಯ ತಂಪಿನಲ್ಲಿ ಹೇಗೋ ತಡೆದಿತ್ತು. ಸಿರುಗುಪ್ಪದ ಎ.ಸಿ. ಅಂಗಡಿಯಲ್ಲೂ ತಡೆದಿತ್ತು. ಬಳ್ಳಾರಿಯ ಏಪ್ರಿಲ್ಲಿನಲ್ಲಿ, ಅದೂ ಕೂಲರು ನಿಲ್ಲಿಸಿದ ಮನೆಯಲ್ಲಿ, ತಡೆಯಲಿಲ್ಲ.

ಗವಿಸಿದ್ದಪ್ಪನವರು ಹಾಳೆಯನ್ನು ಉಗುರಿನಿಂದ ಕಿತ್ತು, ಮಡಚಿ, ಅಂಗಿಯ ಜೇಬಿಗೆ ಹಾಕಿದರು. ಕಾವು ಹರಿಸುವ ಬಿಳಿ ಮುಲಾಮನ್ನು ಹೊಸದಾಗಿ ಹಚ್ಚಿ ಫ್ಯಾನು ಕೂರಿಸಿದರು. ಗುಂಡಿ ಒತ್ತಿದರು. ಯಂತ್ರ ಹತ್ತಿಕೊಂಡಿತು; ಸಂಜೆಯವರೆಗೆ ಆರಲಿಲ್ಲ. ತೊಡೆ ತಟ್ಟಲು ಅವರಿಗೆ ಮನಸ್ಸಾಗಲಿಲ್ಲ. ತಿರುಗಿ ನೋಡಿದಾಗ ಬಾಗಿಲಲ್ಲಿ ಯಾರೂ ಇರಲಿಲ್ಲ.

ಶರಣ ಬಂದು ಊಟಕ್ಕೆ ಕೂತ. ಕೋಣೆಯಿಂದ ಕಂಪ್ಯೂಟರಿನ ಬೆಳಕು ಬರುತ್ತಿರುವುದನ್ನು ನೋಡಿ ಬೆರಗಾದ.

"ಸರಿಯಾತೇನ್ರಿ ಅಪ್ಪಾಜಿ? ಏನಾಗಿತ್ತು?"

ಗವಿಸಿದ್ದಪ್ಪನವರು ರೊಟ್ಟಿಯನ್ನು ಪಲ್ಯಕ್ಕೆ ಒತ್ತಿದರು. "ಏನಾಗಿತ್ತು? ಆಕಿ ಮನಿ ಬಿಟ್ಟು ಹ್ವಾದ್ಲು, ಇದು ಸರಿಯಾತು. ನಾ ಮೊದಲ ದಿನಾನ ಹೇಳಿದ್ದಿಲ್ಲನು?"

ಶರಣ ಕೋಣೆಯ ಬೆಳಕಿನ ಕಡೆ ಮತ್ತೆ ನೋಡಿದ. ಅವನ ಮುಖದಲ್ಲಿ ನಂಬಿಕೆ ಬರುತ್ತಿರುವುದು ತಾಯಿಗೆ ಕಂಡಿತು. ಅದನ್ನು ನೋಡಿ ಅವಳಿಗೆ ಗಂಡನ ಮೇಲೆ ಬಂದದ್ದಕ್ಕಿಂತ ಹೆಚ್ಚು ಹೇಸಿಗೆ ಮಗನ ಮೇಲೆ ಬಂತು. ಬಡಿಸುತ್ತಿದ್ದ ಅನ್ನದ ಪಾತ್ರೆಯನ್ನು ಅವಳು ನೆಲಕ್ಕೆ ಕುಕ್ಕಿದಳು.

"ಸುಳ್ಳು."

ಇಬ್ಬರೂ ತಲೆಯೆತ್ತಿದರು.

"ಫ್ಯಾನಿನ ಬುಡಕ್ಕ ಪ್ಲಾಸ್ಟಿಕ್ ಹಾಳಿ ಇತ್ತು. ಅದನ್ನ ಕಿತ್ತಿದ ಮ್ಯಾಲ ಸರಿಯಾತು. ನಾ ಬಾಗಿಲ ಸಂದ್ಯಾಗಿಂದ ನೋಡೀನಿ. ಈಗೂ ಅವರ ಜೇಬಿನ್ಯಾಗ ಐತಿ."

"ನಿನಗೇನು ಗೊತ್ತಾಗ್ತೈತಿ ಅದು?" ಗವಿಸಿದ್ದಪ್ಪನವರ ದನಿ ಏರಿತು, ಆದರೆ ಕೈ ತಾನಾಗಿಯೇ ಜೇಬಿನ ಮೇಲೆ ಹೋಯಿತು.

"ಏನು ಗೊತ್ತಾಗಬೇಕು? ಹೊಸಾ ಹಂಚು ತಂದ್ರ ಮ್ಯಾಲಿನ ಕಾಗದ ಕಿತ್ತು ಒಲಿ ಮ್ಯಾಲೆ ಇಡ್ತೀವಿ. ನೀವು ಕಾಗದ ಸಮೇತ ಇಟ್ಟು, ರೊಟ್ಟಿ ಯಾಕ ಬೇಯವಲ್ದು ಅಂತ ಮನೀ ಮಂದೀನೆಲ್ಲ ಬೈದ್ರಿ. ಬೈರಿ, ನಮಗ ರೂಢಿ ಐತಿ. ಗೊತ್ತಾದ ಮ್ಯಾಲೂ ಆಕಿ ಮ್ಯಾಲೇ ಹಾಕ್ತೀರಲ್ಲ, ಬಾಯಿಗೆ ಅನ್ನ ಹೆಂಗ ಇಳಿತೈತ್ರಿ ನಿಮಗ?"

ಗವಿಸಿದ್ದಪ್ಪನವರು ಉತ್ತರಕ್ಕೆ ಬಾಯಿ ತೆರೆದು ಮಗನನ್ನು ನೋಡಿದರು, ಎಂದಿನಂತೆ ಅವನು ತಟ್ಟೆ ನೋಡುತ್ತಿರುತ್ತಾನೆಂದು. ಶರಣ ತಟ್ಟೆ ನೋಡುತ್ತಿರಲಿಲ್ಲ. ಅವನು ಅಪ್ಪನ ಜೇಬನ್ನು ನೋಡುತ್ತಿದ್ದ. ಆಮೇಲೆ ಮುಖ ನೋಡಿದ. ಅಪ್ಪ ಜೀವಮಾನವೆಲ್ಲ ಅವನನ್ನು ನೋಡುತ್ತಿದ್ದ ರೀತಿಯಲ್ಲೇ ನೋಡಿದ.

"ಭಾನುವಾರ ಕುರುಗೋಡಿಗೆ ಹೋಗೋಣು," ಎಂದ. "ನೀವೂ ಬರ್ತೀರಿ ಅಪ್ಪಾಜಿ."

"ನಾ ಯಾಕ..."

"ಬರ್ತೀರಿ."

ದನಿ ಜೋರಾಗಿರಲಿಲ್ಲ. ಆದರೆ ಗವಿಸಿದ್ದಪ್ಪನವರು ಆ ದಿನ ಚಟ್ನಿ ಹೇಗಿದೆ ಎಂದು ಹೇಳದೆ ಎದ್ದು ಕೈತೊಳೆದರು.

ಭಾನುವಾರ ಕುರುಗೋಡಿನಲ್ಲಿ ಬೀಗರು ಏನೂ ನಡೆದೇ ಇಲ್ಲವೆಂಬಂತೆ ಬರಮಾಡಿಕೊಂಡರು. ದೊಡ್ಡಬಸವರಾಜ ಗಿರಣಿ ನಿಲ್ಲಿಸಿ, ಮೈಮೇಲಿನ ಖಾರದ ಪುಡಿ ಕೊಡವಿಕೊಂಡು ಬಂದ. ಕಾಲಿಗೆ ನೀರು, ಕುಡಿಯಲು ಮಜ್ಜಿಗೆ ಬಂತು. ಅಂಜನಾಳ ತಾಯಿ ಹೋಳಿಗೆ ಮಾಡಿದ್ದಳು. ಆ ಉಪಚಾರದ ನಡುವೆ ಗವಿಸಿದ್ದಪ್ಪನವರು ಮೊದಲು ಮಳೆಯ ವಿಷಯ, ಆಮೇಲೆ ರಸ್ತೆಯ ವಿಷಯ, ಆಮೇಲೆ ಈಗಿನ ಮಾಸ್ತರರ ವಿಷಯ ಮಾತಾಡಿದರು. ಶಿವಬಸಮ್ಮ ಕೆಮ್ಮಿದಳು. ಆಗ ಅವರು ಸೊಸೆಯ ಕಡೆ ನೋಡದೆಯೇ ಹೇಳಿದರು:

"ಕಂಪ್ಯೂಟರ್ ಸರಿಯಾಗೈತಿ. ಬಂದು ಕೆಲಸ ಮಾ‌ಡಬಹುದು."

ಅಂಜನಾ ಕಂಬಕ್ಕೊರಗಿ ನಿಂತಿದ್ದಳು. "ಏನಾಗಿತ್ರಿ ಮಾವಾರ?"

"ಅದೊಂದು ತಾಂತ್ರಿಕ ದೋಷ."

"ಯಾರದು?"

ಗಿರಣಿಗೆ ಮೆಣಸಿನಕಾಯಿ ತಂದಿದ್ದ ಇಬ್ಬರು ಹೆಂಗಸರು ಕಟ್ಟೆಯ ಮೇಲೆ ಕೂತು ಕೇಳುತ್ತಿದ್ದರು. ಗವಿಸಿದ್ದಪ್ಪನವರು ಮಗನ ಕಡೆ ನೋಡಿದರು.

"ಹೇಳ್ರಿ ಅಪ್ಪಾಜಿ," ಎಂದ ಶರಣ.

"ನಂದ," ಎಂದರು ಗವಿಸಿದ್ದಪ್ಪನವರು. ಗಂಟಲು ಸರಿಮಾಡಿಕೊಂಡು, "ಆದ್ರ ಕಂಪನಿಯವರು..." ಎಂದು ಶುರುಮಾಡಿದರು.

"ಆತ್ರಿ," ಎಂದಳು ಅಂಜನಾ. "ನಮ್ಮಪ್ಪನ ತೆಲಿಯಾಗಿನ ಖಾರದ ಪುಡಿ?"

ದೊಡ್ಡಬಸವರಾಜನಿಗೆ ಆ ಮಾತು ಮೊದಲೇ ತಲುಪಿರಬೇಕು. ಅವನು ಕೈಯೆತ್ತಿ, "ಇರಲಿ ಬಿಡವ್ವ, ಬೀಗರು ಮನಿಗೆ ಬಂದಾರ," ಎಂದ. ಗವಿಸಿದ್ದಪ್ಪನವರಿಗೆ ಆ ದಾಕ್ಷಿಣ್ಯವೇ ಹೆಚ್ಚು ಉರಿಯಿತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

"ಅದು ನಾ ಅನಬಾರದಿತ್ತು," ಎಂದರು, ನೆಲ ನೋಡುತ್ತ, ಹೋಂವರ್ಕ್ ಮಾಡದ ಹುಡುಗನ ದನಿಯಲ್ಲಿ.

ಅಂಜನಾ ಎಲ್ಲರಿಗೂ ಬಡಿಸಿದಳು. ಮಾವನ ಎಲೆಗೆ ಹೋಳಿಗೆ ಹಾಕಿ ತುಪ್ಪವನ್ನೂ ಹಾಕಿದಳು. ಊಟವಾದ ಮೇಲೆ, ಅತ್ತೆಯನ್ನೂ ಗಂಡನನ್ನೂ ಕೂರಿಸಿಕೊಂಡು ಹೇಳಿದಳು. ಅವಳು ನಾಳೆ ಬೆಳಿಗ್ಗೆ ಘಟಕಕ್ಕೆ ಹೋಗಿ, ಸಂಜೆ ಪಾರ್ವತಿನಗರದ ಮನೆಗೆ ಬರುತ್ತಾಳೆ. ಆದರೆ ಘಟಕದ ಕೆಲಸ ಬಿಡುವುದಿಲ್ಲ. ರೇಣುಕಾ ಅವಳನ್ನು ಕಾಯಂ ಆಗಿ ತೆಗೆದುಕೊಂಡಿದ್ದಾಳೆ.

"ಮತ್ತ ಆ ಕಂಪ್ಯೂಟರ್?" ಎಂದರು ಗವಿಸಿದ್ದಪ್ಪನವರು ದೂರದಿಂದಲೇ. "ಈಗ ಭಾರಿ ಓಡ್ತೈತಿ."

"ಅದು ನಿಮಗ ಇರ್ಲಿ ಮಾವಾರ. ನನಗ ಅಲ್ಲೇ ಐತಿ."

ಶರಣ ಆ ದಿನ ಕುರುಗೋಡಿನಲ್ಲೇ ಉಳಿದ. ಅವನ ಅಪ್ಪ ಅವ್ವ ಇಬ್ಬರೇ ಸಂಜೆಯ ಬಸ್ಸು ಹತ್ತಿದರು. ಶಿವಬಸಮ್ಮ ಕಿಟಕಿಯ ಪಕ್ಕ ಕೂತು ಮೊಣಕಾಲು ನೀವಿಕೊಂಡಳು. ಬಸ್ಸು ಊರು ದಾಟಿತು. ಆಗ ಗವಿಸಿದ್ದಪ್ಪನವರಿಗೆ ಮಾತು ಬಂತು.

"ಖರೇ ಅಂದ್ರ ತಪ್ಪು ಆ ಕಂಪನಿಯವರದು. ಹಾಳಿ ಕೀಳ್ರಿ ಅಂತ ದೊಡ್ಡ ಅಕ್ಷರದಾಗ ಬರಿಬೇಕಿತ್ತು. ಅಷ್ಟು ತೆಳ್ಳಗಿದ್ರ ಯಾರ ಕಣ್ಣಿಗೆ ಕಾಣ್ತೈತಿ? ವಿಡಿಯೋದಾಗೂ ಆ ಹುಡುಗ ಸರಿಯಾಗಿ ತೋರಿಸಿಲ್ಲ. ನೀನ ಹೇಳು, ಅದ್ರಾಗ ನಂದೇನು..."

ಕಂಡಕ್ಟರ್ ಬಂದು ನಿಂತ. ಶಿವಬಸಮ್ಮ ಸೆರಗಿನಲ್ಲಿ ಕಟ್ಟಿಕೊಂಡಿದ್ದ ಆಧಾರ್ ಕಾರ್ಡು ತೆಗೆದು ತೋರಿಸಿದಳು. ಕಂಡಕ್ಟರ್ ಹೆಂಗಸರ ಉಚಿತ ಟಿಕೇಟು ಹರಿದು ಕೊಟ್ಟು, ಪಕ್ಕದಲ್ಲಿದ್ದವರ ಕಡೆ ಕೈ ಮಾಡಿದ.

"ಇವರು ನಿಮ್ಮವರ ಏನಮ್ಮ? ಇವರದು?"

"ಇವರದು ಇವರನ್ನ ಕೇಳಪ್ಪ," ಎಂದಳು ಶಿವಬಸಮ್ಮ, ಮುಖವನ್ನು ಕಿಟಕಿಯ ಗಾಳಿಗೆ ಒಡ್ಡಿ.